ಟರ್ಮ್ ಇನ್ಶೂರೆನ್ಸ್ 1 ಕೋಟಿ ಸಾಕಾ, ಯಾವ್ದು ತಗೊಳ್ಲಿ? ಮನೇಲಿ ಇದೇ ಗಲಾಟೆ

ಪೀಣ್ಯ_ಸೆಕೆಂಡ್_ಶಿಫ್ಟ್
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ ಬೈಬೇಡಿ. ನಂಗೆ 34, ಪೀಣ್ಯದಲ್ಲಿ ಒಂದು ಸಿಎನ್‌ಸಿ ಶಾಪಲ್ಲಿ ಸೂಪರ್‌ವೈಸರ್, ಕೈಗೆ 58 ಸಾವಿರ ಬರುತ್ತೆ. ಹೆಂಡ್ತಿ ಮನೇಲೇ ಬ್ಲೌಸ್ ಹೊಲೀತಾಳೆ, ಮಗಳಿಗೆ 4 ವರ್ಷ. ಅಪ್ಪ ಅಮ್ಮ ತಿಪಟೂರು ಹತ್ರ ಊರಲ್ಲೇ ಇದಾರೆ, ತೋಟ ಇದೆ, ಅವ್ರ ಖರ್ಚಿಗೆ ಆಗುತ್ತೆ ಅಷ್ಟೇ. ನೆಲಮಂಗಲದಲ್ಲಿ ಮನೆ ಕಟ್ಟಿದ್ದಕ್ಕೆ ಇನ್ನೂ 31 ಲಕ್ಷ ಲೋನ್ ಬಾಕಿ, ಇಎಂಐ 27 ಸಾವಿರ.

ಈಗಿರೋದು ಏನಂದ್ರೆ ನಮ್ಮ ಸೋದರಮಾವ ಏಜೆಂಟು, ಮದ್ವೆಗೆ ಮುಂಚೆನೇ ಒಂದು ಎಂಡೋಮೆಂಟ್ ಪಾಲಿಸಿ (ಉಳಿತಾಯನೂ ವಿಮೆನೂ ಸೇರಿದ್ದು) ಮಾಡ್ಸಿದ್ರು, 5 ಲಕ್ಷದ್ದು, 21 ವರ್ಷದ್ದು, 9 ವರ್ಷ ಕಟ್ಟಿದೀನಿ ವರ್ಷಕ್ಕೆ ಹತ್ತಿರ ಹತ್ತಿರ 24 ಸಾವಿರ. ಕಂಪನೀಲಿ ಗ್ರೂಪ್ ಇನ್ಶೂರೆನ್ಸ್ 10 ಲಕ್ಷ. ಲೋನ್ ತಗೊಳ್ಳುವಾಗ ಬ್ಯಾಂಕಿನವರು 62,000ದ ಯಾವುದೋ ಇನ್ಶೂರೆನ್ಸ್ ಲೋನ್ ಜೊತೇಲೇ ಸೇರಿಸಿದ್ರು, ಅದೇನು ಅಂತ ಇವತ್ತಿಗೂ ಸರಿಯಾಗಿ ಓದಿಲ್ಲ.

ಹೋದ ತಿಂಗಳು ನಮ್ಮ ಶಾಪಲ್ಲೇ ಒಬ್ರು ಹೋಗ್ಬಿಟ್ರು, 41 ವರ್ಷ. ಅವತ್ತಿಂದ ನಿದ್ದೆ ಇಲ್ಲ. ಆನ್‌ಲೈನಲ್ಲಿ ಟರ್ಮ್ ನೋಡಿದ್ರೆ (ಅವಧಿಯೊಳಗೆ ನಾನು ಹೋದ್ರೆ ಮಾತ್ರ ಮನೆಯವರಿಗೆ ದುಡ್ಡು ಬರೋದು) 60 ವರ್ಷದವರೆಗೆ 1 ಕೋಟಿಗೆ ಮೂರು ಕೋಟ್ ಬಂದಿದೆ, ವರ್ಷಕ್ಕೆ 12,900, 14,000, 15,600. ಅದೇ 14,000ದವರದ್ದು ಕಟ್ಟಿದ ದುಡ್ಡು ವಾಪಸ್ ಬರೋ ಪ್ಲಾನ್ 27,000. 85 ವರ್ಷದವರೆಗೆ ಅಂದ್ರೆ 24,500. ಯಾವ್ದು ತಗೊಳ್ಳೋದು, ಕಂಪನಿ ನಂಬೋದು ಹೆಂಗೆ? ಮಾವ ಅಂತಾರೆ ಪ್ರೈವೇಟ್ ಓಡೋಗ್ತಾರೆ ಅಂತ. ಅಮ್ಮನ ಹತ್ರ ಮಾತೆತ್ತಿದ್ರೆ ಸಾಯೋ ಮಾತು ಯಾಕೆ ಆಡ್ತೀಯ, ಬಿಡ್ತು ಅನ್ನು ಅಂತಾರೆ. ಆರೋಗ್ಯ ಚೆನ್ನಾಗಿದೆ, ಶುಗರ್ ಬಿಪಿ ಏನಿಲ್ಲ, ಶಿಫ್ಟ್ ಮುಗಿದ್ಮೇಲೆ ಟೀ ಜೊತೆ ವಾರಕ್ಕೆ ಎರಡು ಮೂರು ಸಿಗರೇಟು ಅಷ್ಟೇ. ಅಪ್ಪಂಗೆ 58ರಲ್ಲಿ ಸ್ಟೆಂಟ್ ಹಾಕಿದಾರೆ, ಈಗ ಆರಾಮ್ ಇದಾರೆ.

ಕೋಡ್_ಕೂಲಿ
ಬ್ರೋ ಸಿಂಪಲ್. ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ) ಪ್ರತಿ ವರ್ಷ ಕ್ಲೇಮ್ ಸೆಟಲ್‌ಮೆಂಟ್ ರೇಶಿಯೋ, ಅಂದ್ರೆ ಬಂದ ಕ್ಲೇಮಲ್ಲಿ ಎಷ್ಟಕ್ಕೆ ದುಡ್ಡು ಕೊಟ್ರು ಅಂತ ಬಿಡುತ್ತೆ, ಅದರಲ್ಲಿ ಯಾರು ಟಾಪೋ ಅವ್ರದ್ದೇ ತಗೋ. ನಾನು ಎಕ್ಸೆಲ್ ಶೀಟ್ ಮಾಡಿದ್ದೆ, 11 ಕಾಲಮ್, ಮೂರು ವೀಕೆಂಡ್ ಹೋಯ್ತು.

ಹಳೇ_ಏಜೆಂಟ್_ಮೈಸೂರು
ಸ್ವಾಮಿ ಕೋಡ್ ಕೂಲಿಯವರೇ, 11 ಕಾಲಮ್ಮಲ್ಲಿ ಒಂದು ಕಾಲಮ್ಮು ಬಿಟ್ಟೋಗಿದೆ. ಆ ರೇಶಿಯೋ ಲೆಕ್ಕ ಹಾಕೋದು ಎಷ್ಟು ಪಾಲಿಸಿಗೆ ಕ್ಲೇಮ್ ಕೊಟ್ರು ಅಂತ, ಅದರಲ್ಲಿ ಒಂದು ಲಕ್ಷದ ಎಂಡೋಮೆಂಟೂ ಒಂದೇ, ಎರಡು ಕೋಟಿಯ ಟರ್ಮೂ ಒಂದೇ. ಸಣ್ಣ ಸಣ್ಣ ಪಾಲಿಸಿ ಸಾವಿರಾರು ಕೊಟ್ಟು, ದೊಡ್ಡದು ನಾಲ್ಕು ತಿರಸ್ಕಾರ ಮಾಡಿದ್ರೂ ಶೇಕಡಾವಾರು ಚೆನ್ನಾಗೇ ಕಾಣುತ್ತೆ. ಮೊತ್ತದ ಲೆಕ್ಕದಲ್ಲಿ ಎಷ್ಟು ಕೊಟ್ರು ಅಂತಾನೂ ನೋಡಿ, ಒಂದೇ ವರ್ಷದ್ದಲ್ಲ, ಮೂರ್ನಾಲ್ಕು ವರ್ಷದ್ದು. 97 ಚಿಲ್ರೆಗೂ 99ಕ್ಕೂ ತಲೆ ಕೆಡಿಸ್ಕೊಂಡು ಕೂತ್ರೆ ಪ್ರಯೋಜನ ಇಲ್ಲ, ಆ ಒಂದೆರಡು ಪರ್ಸೆಂಟಿನ ಕಡೆ ನೀವು ಸೇರ್ತೀರೋ ಇಲ್ವೋ ಅನ್ನೋದು ಬಹುಪಾಲು ನೀವು ಫಾರ್ಮಲ್ಲಿ ಏನು ಬರೀತೀರಿ ಅನ್ನೋದರ ಮೇಲೆ ನಿಂತಿರುತ್ತೆ.

ಮಾವನವರು ಹೇಳಿದ್ರಲ್ಲಿ ಅರ್ಧ ಸರಿ. ಎಲ್‌ಐಸಿ ಪಾಲಿಸಿಗಳಿಗೆ 1956ರ ಎಲ್‌ಐಸಿ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಗ್ಯಾರಂಟಿ ಇದೆ, ಪ್ರೈವೇಟ್‌ನವರಿಗೆ ಅದಿಲ್ಲ. ಹಾಗಂತ ಅವರೇನೂ ಪೆಟ್ಟಿಗೆ ಅಂಗಡಿ ಅಲ್ಲ, ಎಷ್ಟು ಬಂಡವಾಳ ಇಟ್ಟಿರಬೇಕು ಅಂತ ಐಆರ್‌ಡಿಎಐ ನಿಗಾ ಇರುತ್ತೆ. ನಾನೇ 22 ವರ್ಷ ಏಜೆಂಟಾಗಿದ್ದೋನು, ಟರ್ಮ್ ಪಾಲಿಸಿ ಮಾರಿದ್ದು ಬೆರಳೆಣಿಕೆ, ಯಾಕಂದ್ರೆ ಪ್ರೀಮಿಯಂ ಸಣ್ಣದು, ನಮ್ಮ ಕಮಿಷನ್ನೂ ಸಣ್ಣದು. ಮಾವ ಯಾಕೆ ಹೇಳ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಲೆಕ್ಕದ_ಮೇಷ್ಟ್ರು
ಕಂಪನಿ ಆಮೇಲೆ ನೋಡೋಣ, ಮೊದಲು ಎಷ್ಟು ಬೇಕು ಅಂತ ಕೂತು ಬರೀರಿ. ಇವತ್ತು ರಾತ್ರಿ ನೀವಿಲ್ಲ ಅಂದ್ಕೊಳಿ, ಅಮ್ಮನ ಪರವಾಗಿ ನಾನೇ ಬಿಡ್ತು ಅಂತೀನಿ. 1 ಕೋಟಿ ಬಂತು. 31 ಲಕ್ಷ ಲೋನಿಗೆ ಹೋಯ್ತು. ಮಗಳ ಓದಿಗೆ ಅಂತ 20 ಲಕ್ಷ ಮುಟ್ಟದ ಹಾಗೆ ಇಟ್ರಿ. ಉಳಿದಿದ್ದು 49 ಲಕ್ಷ. ಬ್ಯಾಂಕಲ್ಲಿ ಡಿಪಾಸಿಟ್ ಮಾಡಿ ಆರೂವರೆ ಪರ್ಸೆಂಟ್ ಬಡ್ಡಿ ಅಂದ್ಕೊಂಡ್ರೆ ತಿಂಗಳಿಗೆ ಇಪ್ಪತ್ತಾರೂವರೆ ಸಾವಿರ. ಇವತ್ತಿನ ನಿಮ್ಮ ಮನೆ ಖರ್ಚು ಇಎಂಐ ಬಿಟ್ಟು 25 ಸಾವಿರ ಅಂದ್ರೂ ಸರಿಹೋಯ್ತು. ಆದ್ರೆ ವರ್ಷಕ್ಕೆ 6 ಪರ್ಸೆಂಟ್ ರೇಟು ಏರಿದ್ರೆ 12 ವರ್ಷಕ್ಕೆ 25 ಸಾವಿರದ ಸಾಮಾನಿಗೆ 50 ಸಾವಿರ, ಮಗಳಿಗೆ ಆಗ ಬರೀ 16. ಬಡ್ಡಿ ಮಾತ್ರ ಅಲ್ಲೇ ಇರುತ್ತೆ. ಅಂದ್ರೆ ಅಸಲಿಗೆ ಕೈ ಹಾಕ್ತಾರೆ, ಒಂದ್ಸಲ ಕೈ ಹಾಕಿದ್ಮೇಲೆ ಕರಗೋದು ಗೊತ್ತೇ ಆಗಲ್ಲ. 1.5 ಕೋಟಿ ಆದ್ರೆ ಉಸಿರಾಡಬಹುದು.

ಗ್ರೂಪ್‌ನ 10 ಲಕ್ಷ ಲೆಕ್ಕಕ್ಕೆ ತಗೋಬೇಡಿ, ಕೆಲಸ ಬಿಟ್ಟ ದಿನ ಅದೂ ಬಿಡ್ತು. ಪಿಎಫ್ ಇದ್ರೆ ಇಡಿಎಲ್‌ಐ ಅಂತ ಒಂದಿದೆ, ಕೆಲಸದಲ್ಲಿದ್ದಾಗ ಹೋದ್ರೆ ಕುಟುಂಬಕ್ಕೆ 7 ಲಕ್ಷದವರೆಗೂ ಬರುತ್ತೆ, ಎಷ್ಟೋ ಮನೆಯವರಿಗೆ ಅದು ಗೊತ್ತಿಲ್ಲದೆ ಕ್ಲೇಮೇ ಹಾಕಿರಲ್ಲ. ಹೆಂಡ್ತಿಗೆ ಹೇಳಿಡಿ. ಆ 62,000ದ್ದು ಸರ್ಟಿಫಿಕೇಟ್ ಹುಡುಕಿ ಓದಿ, ಸಾಮಾನ್ಯವಾಗಿ ಲೋನ್ ಇಳಿದ ಹಾಗೆ ಅದೂ ಇಳಿಯುತ್ತೆ, ಕೆಲವು ಐದೇ ವರ್ಷಕ್ಕೆ ಮುಗಿಯುತ್ತೆ, ಲೋನ್ ಮಾತ್ರ 20 ವರ್ಷ.

85 ಬೇಡ. ಟರ್ಮ್ ಇರೋದು ನಿಮ್ಮ ದುಡಿಮೆ ನಂಬಿ ಕೂತವರಿಗೆ. 60ಕ್ಕೆ ಲೋನ್ ತೀರಿರುತ್ತೆ, ಮಗಳಿಗೆ 30.

ಬ್ಯಾಡಗಿ_ಖಾರ
ಹಂಗಲ್ರೀ ಮೇಷ್ಟ್ರ, 26 ವರ್ಷ ಬೆವರು ಸುರಿಸಿ ಕಟ್ಟಿ, ಏನೂ ಆಗ್ಲಿಲ್ಲ ಅಂದ್ರ ಕೈಯಾಗ ಚಿಪ್ಪು ಹಿಡದು ಬರಬೇಕೇನ್ರಿ? ನಾ 2019ರಾಗ ರೊಕ್ಕ ವಾಪಸ್ ಬರೋದ ತಗೊಂಡೀನಿ. ಇದ್ರ ನನಗ, ಇಲ್ಲಂದ್ರ ಮನಿಯವರಿಗೆ. ಇದರಾಗ ಲುಕ್ಸಾನ ಏನ್ ಐತಿ ಹೇಳ್ರಿ.

ಲೆಕ್ಕದ_ಮೇಷ್ಟ್ರು
ಲುಕ್ಸಾನ್ ಇದೆಯಲ್ರೀ. ಇವರ ಕೋಟೇ ತಗೊಳ್ಳಿ. 27,000ದಲ್ಲಿ 14,000 ಕಳೆದ್ರೆ 13,000, ಅದನ್ನ ಪ್ರತಿ ವರ್ಷ ಪಿಪಿಎಫ್‌ಗೆ ಹಾಕಿದ್ರೆ ಈಗಿನ 7.1 ಪರ್ಸೆಂಟಿಗೆ 26 ವರ್ಷಕ್ಕೆ ಸುಮಾರು 9 ಲಕ್ಷ 70 ಸಾವಿರ. ಕಂಪನಿ ವಾಪಸ್ ಕೊಡೋದು ನೀವು ಕಟ್ಟಿದ್ದೇ, 7 ಲಕ್ಷ 2 ಸಾವಿರ. ಮಧ್ಯದಲ್ಲಿ ನೀವು ಹೋಗ್ಬಿಟ್ರೆ ಪಿಪಿಎಫ್ ದುಡ್ಡೂ ಮನೆಯವರಿಗೆ ಬರುತ್ತೆ ಟರ್ಮೂ ಬರುತ್ತೆ, ನಿಮ್ಮ ಪ್ಲಾನಲ್ಲಿ ಟರ್ಮ್ ಮಾತ್ರ.

ಬ್ಯಾಡಗಿ_ಖಾರ
ಲೆಕ್ಕ ಬರೋಬರಿ ಐತಿ ಒಪ್ಕೋತೀನಿ. ಆದ್ರ ಆ 13,000 ಪ್ರತಿ ವರ್ಷ ತಪ್ಪದ ಪಿಪಿಎಫ್‌ಗೆ ಹಾಕಾಂವ ಯಾರ್ರೀ? ಮೆಣಸಿನಕಾಯಿ ರೇಟ್ ಬಿದ್ದ ವರ್ಷ ನಾ ಏನೂ ಹಾಕ್ತಿರಲಿಲ್ಲ, ಪ್ರೀಮಿಯಂ ಮಾತ್ರ ಪಾಲಿಸಿ ಬೀಳ್ತೈತಿ ಅಂಬೋ ಅಂಜಿಕಿಗೆ ಕಟ್ಟೀನಿ.

ಲೆಕ್ಕದ_ಮೇಷ್ಟ್ರು
ಅದು ಸರಿ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಉಡುಪಿ_ಲ್ಯಾಬ್
ಯಾರೂ ನೋಡಲಿಲ್ವಾ ಮಾರಾಯ್ರೆ? ಪೀಣ್ಯದವರು ಮಧ್ಯದಲ್ಲಿ ಒಂದು ಸಾಲು ಹೇಳಿ ಮುಂದೆ ಹೋಗಿದ್ದಾರೆ, ವಾರಕ್ಕೆ ಎರಡು ಮೂರು ಸಿಗರೇಟು ಅಂತ. ನಾನು ಲ್ಯಾಬ್‌ನಲ್ಲಿ ಇರುವುದು, ಇನ್ಶೂರೆನ್ಸ್ ಮೆಡಿಕಲ್‌ಗೆ ಮನೆ ಮನೆಗೆ ಹೋಗಿ ಸ್ಯಾಂಪಲ್ ತೆಗೆಯುವುದೇ ನನ್ನ ಕೆಲಸ. ಆ ಮೂರು ಕೋಟ್ ತೆಗೆಯುವಾಗ ತಂಬಾಕು ಉಂಟಾ ಅಂತ ಕೇಳಿರ್ತಾರೆ, ನೀವು ಎಂತ ಒತ್ತಿದ್ದು?

ಪೀಣ್ಯ_ಸೆಕೆಂಡ್_ಶಿಫ್ಟ್
ಇಲ್ಲ ಅಂತ ಒತ್ತಿದೀನಿ ಮೇಡಂ. ವಾರಕ್ಕೆ ಎರಡು ಸಿಗರೇಟಿಗೆ ಸ್ಮೋಕರ್ ಅಂತ ಯಾರು ಅಂತಾರೆ? ಮಾವನೂ ನೋ ಅಂತಾನೇ ಹಾಕು ಅಂದ್ರು.

ಉಡುಪಿ_ಲ್ಯಾಬ್
ಅವರು ಅಂತಾರೆ. ಮೂತ್ರದಲ್ಲಿ ಕೊಟಿನಿನ್ ಅಂತ ನೋಡ್ತಾರೆ, ನಿಕೋಟಿನ್ ದೇಹದಲ್ಲಿ ಒಡೆದು ಆಗುವಂಥದ್ದು, ಸಿಗರೇಟು ಬಿಟ್ಟ ಮೇಲೂ ಕೆಲವು ದಿನ ಇರ್ತದೆ. ಬೀಡಿ, ಗುಟ್ಕಾ, ಎಲೆ ಅಡಿಕೆಗೆ ಹಾಕುವ ಹೊಗೆಸೊಪ್ಪು, ಎಲ್ಲಾ ಸಿಗ್ತದೆ. ಸಿಗರೇಟು ಬಿಡ್ಲಿಕ್ಕೆ ಅಂತ ನಿಕೋಟಿನ್ ಚೂಯಿಂಗ್ ಗಮ್ ತಿಂದವರದ್ದೂ ಸಿಗ್ತದೆ ಪಾಪ. ಮೊನ್ನೆ ಒಬ್ಬರು ಬಾಗಿಲು ಅರ್ಧ ತೆಗೆದು, ಹೆಂಡತಿಗೆ ಕೇಳದ ಹಾಗೆ, ಸಿಸ್ಟರ್ ಎಷ್ಟು ದಿನ ಬಿಟ್ಟು ಕೊಟ್ಟರೆ ಬರುವುದಿಲ್ಲ ಅಂತ ಕೇಳಿದರು. ನಾನು ಹೇಳಿದೆ ಅಣ್ಣ, ಟೆಸ್ಟಿನಲ್ಲಿ ಬರದಿದ್ದರೆ ನಿಮ್ಮ ಅದೃಷ್ಟ ಅಲ್ಲ ಅದು, ಫಾರ್ಮ್‌ನಲ್ಲಿ ಇಲ್ಲ ಅಂತ ಸಹಿ ಹಾಕಿದ್ದು ಇರ್ತದೆ, ನಾಳೆ ಎಂತಾದರೂ ಆದ್ರೆ ಆಸ್ಪತ್ರೆಯ ಕೇಸ್ ಶೀಟ್‌ನಲ್ಲಿ ಡಾಕ್ಟರ್ ಬರೆಯುವ ಮೊದಲ ಸಾಲೇ ಅದು, ಹತ್ತು ವರ್ಷದಿಂದ ಸೇದ್ತಾರೆ ಅಂತ. ಬರೆಸುವುದು ಯಾರು? ಗಾಬರಿಯಲ್ಲಿ ಇರುವ ಹೆಂಡತಿಯೇ.

ಹಳೇ_ಏಜೆಂಟ್_ಮೈಸೂರು
ಲ್ಯಾಬ್‌ನವರು ಹೇಳಿದ್ದು ಅಕ್ಷರಶಃ ನಿಜ. ನನ್ನ ಕಣ್ಣಾರೆ ಕಂಡಿದ್ದು ಹೇಳ್ತೀನಿ, ಊರು ಕಂಪನಿ ಯಾವುದೂ ಬೇಡ. ನನ್ನ ಜೊತೆಯ ಏಜೆಂಟೊಬ್ಬ, ಫಾರ್ಮ್ ತಾನೇ ತುಂಬೋನು, ಕಸ್ಟಮರ್ ಹತ್ರ ಪೆನ್ಸಿಲಲ್ಲಿ ಗುರುತು ಹಾಕಿದ ಕಡೆ ಸಹಿ ಮಾತ್ರ. ಆರೋಗ್ಯದ ಪ್ರಶ್ನೆ ಇರೋ ಪುಟದಲ್ಲಿ ಮೇಲಿಂದ ಕೆಳಗೆ ಇಲ್ಲ ಇಲ್ಲ ಇಲ್ಲ, ಒಂದೇ ಉಸಿರಲ್ಲಿ. ಅಂಥ ಒಬ್ಬ ಕಸ್ಟಮರ್‌ಗೆ ಎರಡು ವರ್ಷದಿಂದ ಶುಗರ್ ಮಾತ್ರೆ ನಡೀತಿತ್ತು, ಏಜೆಂಟ್‌ಗೆ ಬಾಯಲ್ಲಿ ಹೇಳೂ ಇದ್ರು. ಹದಿನಾಲ್ಕು ತಿಂಗಳಿಗೆ ತೀರ್ಕೊಂಡ್ರು. ಕ್ಲೇಮ್ ತಿರಸ್ಕಾರ ಆಯ್ತು. ಏಜೆಂಟ್‌ಗೆ ಹೇಳಿದ್ವಿ ಅಂದ್ರೆ ಯಾರು ಕೇಳ್ತಾರೆ, ಸಹಿ ಇದೆಯಲ್ಲ.

ಈಗ 45ನೇ ಸೆಕ್ಷನ್ ಬಗ್ಗೆ ಯಾರಾದ್ರೂ ಹೇಳೇ ಹೇಳ್ತಾರೆ, ಅದಕ್ಕೆ ನಾನೇ ಮುಂಚೆ ಹೇಳ್ತೀನಿ. ಇನ್ಶೂರೆನ್ಸ್ ಕಾಯ್ದೆ 2015ರಲ್ಲಿ ತಿದ್ದುಪಡಿ ಆದ್ಮೇಲೆ, ಪಾಲಿಸಿಗೆ ಮೂರು ವರ್ಷ ತುಂಬಿದ್ರೆ ಯಾವ ಕಾರಣಕ್ಕೂ, ಮೋಸ ಅಂತಾನೂ, ಕಂಪನಿ ಪ್ರಶ್ನೆ ಮಾಡೋ ಹಾಗಿಲ್ಲ. ಇದನ್ನ ಕೇಳಿ ಕೆಲವರು ಮೂರು ವರ್ಷ ದೂಡಿದ್ರೆ ಆಯ್ತಲ್ಲ ಅಂತಾರೆ. ಆ ಮೂರು ವರ್ಷದೊಳಗೆ ಯಮ ಬರಲ್ಲ ಅಂತ ಬರ್ಕೊಟ್ಟಿದಾನಾ? ಇನ್ನೊಂದು, ಪ್ರೀಮಿಯಂ ತಪ್ಪಿ ಪಾಲಿಸಿ ಲ್ಯಾಪ್ಸ್ ಆಗಿ ಆಮೇಲೆ ರಿವೈವ್ ಮಾಡಿಸಿದ್ರೆ ಆ ದಿನದಿಂದ ಮತ್ತೆ ಮೂರು ವರ್ಷ ಎಣಿಸ್ತಾರೆ. ಅದಕ್ಕೇ ಬ್ಯಾಂಕಿಂದ ಆಟೋ ಡೆಬಿಟ್ ಹಾಕಿಡಿ. ವರ್ಷಕ್ಕೊಂದ್ಸಲ ಕಟ್ಟೋರಿಗೆ 30 ದಿನ ಗ್ರೇಸ್, ತಿಂಗಳು ತಿಂಗಳು ಕಟ್ಟೋರಿಗೆ 15 ದಿನವೇ.

ಕೋಡ್_ಕೂಲಿ
ರೈಡರ್ಸ್ (ಮೂಲ ಪಾಲಿಸಿಗೆ ಸೇರಿಸೋ ಎಕ್ಸ್‌ಟ್ರಾ ಕವರ್) ಬಗ್ಗೆ ಯಾರೂ ಹೇಳ್ಲಿಲ್ಲ? ಆಕ್ಸಿಡೆಂಟ್ ರೈಡರ್ ಇಲ್ದೆ ತಗೊಂಡ್ರೆ ವೇಸ್ಟ್ ಅಲ್ವಾ, ತುಮಕೂರು ರೋಡಲ್ಲಿ ಓಡಾಡೋರು ಬೇರೆ.

ಲೆಕ್ಕದ_ಮೇಷ್ಟ್ರು
ತುಂಬಾ ಜನ ಹೀಗೇ ತಿಳ್ಕೊಂಡಿದಾರೆ. ರೈಡರ್ ಇಲ್ಲದಿದ್ರೂ ಆಕ್ಸಿಡೆಂಟಲ್ಲಿ ಹೋದ್ರೆ ಮೂಲ ಪಾಲಿಸಿ ದುಡ್ಡು ಬಂದೇ ಬರುತ್ತೆ, ರೈಡರ್ ಅದರ ಮೇಲೆ ಜಾಸ್ತಿ ಕೊಡುತ್ತೆ ಅಷ್ಟೇ. ಮನೆಯವರ ಖರ್ಚೇನು ಹಾರ್ಟ್ ಅಟ್ಯಾಕಿಗೊಂದು ಲಾರಿಗೊಂದು ಇರುತ್ತಾ? ಆ ದುಡ್ಡಲ್ಲಿ ಮೂಲ ಮೊತ್ತವನ್ನೇ ಜಾಸ್ತಿ ಮಾಡ್ಕೊಳಿ. ಮೊದಲ 12 ತಿಂಗಳಲ್ಲಿ ಆತ್ಮಹತ್ಯೆ ಆದ್ರೆ ಮಾತ್ರ ಪೂರ್ತಿ ಮೊತ್ತ ಬರಲ್ಲ, ಅದು ಎಲ್ಲರದ್ದರಲ್ಲೂ ಇರೋ ಕಂಡೀಶನ್.

ಇನ್ನೊಂದು ಖುಷಿ ವಿಷಯ, 2025 ಸೆಪ್ಟೆಂಬರ್ 22ರಿಂದ ಪರ್ಸನಲ್ ಲೈಫ್ ಇನ್ಶೂರೆನ್ಸ್ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಮುಂಚೆ ಇದೇ 14,000ಕ್ಕೆ 18 ಪರ್ಸೆಂಟ್ ಸೇರಿ 16,520 ಆಗ್ತಿತ್ತು.

ಹಳೇ_ಏಜೆಂಟ್_ಮೈಸೂರು
ಖುಷಿ ನಿಮಗೆ. ಅದೇ ನೆಪದಲ್ಲಿ ಕೆಲವು ಕಂಪನಿಗಳು ನಮ್ಮವರ ಕಮಿಷನ್‌ಗೆ ಕತ್ತರಿ ಹಾಕಿದ್ವು, ಅದನ್ನ ಯಾವ ಪೇಪರಲ್ಲೂ ಮೊದಲ ಪುಟಕ್ಕೆ ಹಾಕಲ್ಲ ಬಿಡಿ.

ಮೂರು_ಚಕ್ರ
ಅಣ್ಣ ನೀವೆಲ್ಲ ಕೋಟಿ ಮಾತಾಡ್ತಿದೀರ, ನಾನು ಆಟೋ ಓಡ್ಸೋನು ಯಶವಂತಪುರ ಸೈಡು, ಸ್ಯಾಲರಿ ಸ್ಲಿಪ್ ಇಲ್ಲ ಐಟಿ ರಿಟರ್ನ್ ಇಲ್ಲ, ಎರಡು ಕಡೆ ಕೇಳ್ದೆ ಇನ್‌ಕಮ್ ಪ್ರೂಫ್ ಇಲ್ದೆ ಆಗಲ್ಲ ಅಂದ್ರು. ನಮ್ಮಂಥೋರಿಗೆ ಏನಿದೆ?

ಲೆಕ್ಕದ_ಮೇಷ್ಟ್ರು
ಇದೆ ತಮ್ಮಾ. ಇವತ್ತೇ ಬ್ಯಾಂಕಿಗೆ ಹೋಗಿ ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಬಿಮಾ ಮಾಡಿಸು, ವರ್ಷಕ್ಕೆ 436 ರೂಪಾಯಿ, 2 ಲಕ್ಷ ಬರುತ್ತೆ, 18ರಿಂದ 50 ವರ್ಷದೊಳಗೆ ಸೇರಬಹುದು, 55ರವರೆಗೆ ಇರುತ್ತೆ. ಜೊತೆಗೆ 20 ರೂಪಾಯಿದು ಸುರಕ್ಷಾ ಬಿಮಾ, ಅದು ಅಪಘಾತಕ್ಕೆ 2 ಲಕ್ಷ. ಮೇ ಕೊನೇಲಿ ಅಕೌಂಟಿಂದ ತಾನೇ ಕಟ್ ಆಗುತ್ತೆ, ಆಗ ಬ್ಯಾಲೆನ್ಸ್ ಇರ್ಲಿ, ಅಲ್ಲೇ ತುಂಬಾ ಜನರದ್ದು ನಿಂತೋಗೋದು. ಇನ್ನೂ ಬೇಕಂದ್ರೆ ಸರಳ ಜೀವನ್ ಬಿಮಾ ಅಂತ ಕೇಳು, 2021ರಿಂದ ಎಲ್ಲಾ ಕಂಪನಿಯವರೂ ಒಂದೇ ಥರದ ಕಂಡೀಶನ್ ಇಟ್ಟು ಮಾರಬೇಕಾದ ಟರ್ಮ್ ಅದು, 5 ಲಕ್ಷದಿಂದ 25 ಲಕ್ಷ. ಮೊದಲ 45 ದಿನ ಅಪಘಾತದ ಸಾವಿಗೆ ಮಾತ್ರ. ರೇಟು ಸ್ವಲ್ಪ ಜಾಸ್ತಿ ಇರುತ್ತೆ. ರಿಟರ್ನ್ ಹಾಕೋದು ಶುರು ಮಾಡು, ಟ್ಯಾಕ್ಸ್ ಬರ್ದೇ ಇದ್ರೂ ಪರವಾಗಿಲ್ಲ, ಎರಡು ಮೂರು ವರ್ಷ ಆದ್ಮೇಲೆ ಅದೇ ಪ್ರೂಫ್.

ಮೂರು_ಚಕ್ರ
436ರದ್ದು ನಂದು ಆಗ್ಲೇ ಇತ್ತಂತೆ ಅಣ್ಣ, ಈಗ ಪಾಸ್‌ಬುಕ್ ನೋಡ್ದೆ, 2023ರಲ್ಲಿ ಕಟ್ ಆಗಿದೆ, ಆಮೇಲೆ ಇಲ್ಲ. ಬ್ಯಾಲೆನ್ಸ್ ಇರ್ಲಿಲ್ಲ ಅನ್ಸುತ್ತೆ.

ಕೆಜಿಐಡಿ_ಗುಮಾಸ್ತ
ನಾವು ರಾಜ್ಯ ಸರ್ಕಾರಿ ನೌಕರರು ಕೆಜಿಐಡಿ (ರಾಜ್ಯ ಸರ್ಕಾರದ ವಿಮಾ ಇಲಾಖೆಯದ್ದು) ಇದೆಯಲ್ಲ ಅಂತ ಆರಾಮಾಗಿರ್ತೀವಿ, ನಾನೂ ಹಾಗೇ ಇದ್ದೆ. ಬಾಂಡ್ ಎಲ್ಲ ತೆಗೆದು ಕೂಡಿದಾಗ ನನ್ನ ಎರಡು ವರ್ಷದ ಸಂಬಳಕ್ಕೂ ಸಾಲಲಿಲ್ಲ. ಅದು ಕಡ್ಡಾಯ ಉಳಿತಾಯ, ಒಳ್ಳೇದೇ, ಆದ್ರೆ ಟರ್ಮ್ ಬೇರೆ.

ಶಾರ್ಜಾದಿಂದ
ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ನಾನು ಊರಿಗೆ ರಜೆಗೆ ಬಂದಾಗ ಮೆಡಿಕಲ್ ಮಾಡಿಸಿ ತೆಗೆದುಕೊಂಡದ್ದು, ಗಲ್ಫ್‌ನಲ್ಲಿ ಇರುವುದು, ಎಂತ ಕೆಲಸ, ಎಲ್ಲಾ ಬರೆದಿದ್ದೇನೆ. ರಜೆಯ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ, ಅವರು ಒಂದು ಟೆಸ್ಟ್ ಇನ್ನೊಮ್ಮೆ ಕೇಳಿದರೆ ಟಿಕೆಟ್ ಮುಂದೆ ಹಾಕಬೇಕಾಗ್ತದೆ.

ಸುಮ್ನೆ_ಓದೋಳು
ನಾನು ಇಲ್ಲಿ ಬರೆಯೋಳಲ್ಲ, ಓದೋಳು ಅಷ್ಟೇ. ಆದ್ರೆ ಇದಕ್ಕೆ ಬರೀಲೇಬೇಕು ಅನ್ನಿಸ್ತು. ನಮ್ಮನೆಯವರು ಎರಡು ವರ್ಷದ ಹಿಂದೆ ಹೋದ್ರು, 38, ರಾತ್ರಿ ಮಲಗಿದವರು ಏಳಲಿಲ್ಲ. ಟರ್ಮ್ ಪಾಲಿಸಿ ಇದೆ ಅಂತ ನಂಗೆ ಗೊತ್ತಿತ್ತು, ಯಾವ ಕಂಪನಿ ಅಂತ ಗೊತ್ತಿರಲಿಲ್ಲ. ಎಲ್ಲಾ ಇಮೇಲಲ್ಲಿ, ಇಮೇಲ್ ಅವರ ಫೋನಲ್ಲಿ, ಫೋನ್ ಲಾಕು. ಬೆರಳಚ್ಚು ಇಟ್ಟು ತೆಗೀಬಹುದಿತ್ತು ಅಂತ ಹೊಳೆದಾಗ ಮಣ್ಣು ಮಾಡಿ ಬಂದಾಗಿತ್ತು. ಸಿಮ್ ತೆಗೆದು ಬೇರೆ ಫೋನಿಗೆ ಹಾಕೋಣ ಅಂದ್ರೆ ಅದಕ್ಕೂ ಪಿನ್. ಕೊನೆಗೆ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಜೂನ್ ತಿಂಗಳಲ್ಲಿ ಒಂದು ಸಾಲು ಸಿಕ್ತು, ಕಂಪನಿ ಹೆಸರಿನ ಅರ್ಧ ಮಾತ್ರ ಪ್ರಿಂಟಾಗಿತ್ತು. ಅದನ್ನ ಹಿಡ್ಕೊಂಡು ಹುಡುಕಿದ್ದು. ಎರಡು ತಿಂಗಳು ಇದಕ್ಕೇ ಹೋಯ್ತು.

ಪಾಲಿಸಿಗೆ ಎರಡು ವರ್ಷ ನಾಲ್ಕು ತಿಂಗಳು ಆಗಿತ್ತು, ಮೂರು ತುಂಬಿರಲಿಲ್ಲ, ಅದಕ್ಕೆ ವಿಚಾರಣೆ ಅಂತ ಒಬ್ರು ಬಂದ್ರು. ಪಕ್ಕದ ಮನೆ, ನಾವು ಮಾತ್ರೆ ತಗೊಳ್ಳೋ ಮೆಡಿಕಲ್ ಶಾಪು, ಅವರ ಆಫೀಸು, ಎಲ್ಲಾ ಕಡೆ ಕೇಳಿದ್ರು, ಕುಡೀತಿದ್ರಾ, ಮುಂಚೆ ಏನಾದ್ರೂ ಕಾಯಿಲೆ ಇತ್ತಾ ಅಂತ. ಬಿಪಿ ಮಾತ್ರೆ ಚೀಟಿ ಸಿಕ್ಕೇಬಿಡ್ತು ಅವರಿಗೆ. ನನ್ನ ಜೀವ ಬಾಯಿಗೆ ಬಂತು. ಆಮೇಲೆ ನೋಡಿದ್ರೆ ಇವರು ಫಾರ್ಮಲ್ಲಿ ಮಾತ್ರೆ ಹೆಸರು ಸಮೇತ ಬರೆದಿದ್ರು, ದಿನಕ್ಕೆ ಒಂದು, ಬೆಳಿಗ್ಗೆ ಅಂತ. ಅದಕ್ಕೆ ಪ್ರೀಮಿಯಂ ಜಾಸ್ತಿ ಹಾಕಿದ್ರಂತೆ, ಆಗ ನಾನೇ ಬೈದಿದ್ದೆ ಯಾಕೆ ಬರೆದ್ರಿ ಅಂತ.

ದುಡ್ಡು ಬಂತು. ಆದ್ರೆ ನಾಮಿನಿ ನಮ್ಮತ್ತೆ. ಯಾಕಂದ್ರೆ ನನ್ನ ಆಧಾರ್‌ನಲ್ಲಿ ತವರುಮನೆ ಹೆಸರೇ ಇತ್ತು, ಹೊಂದಲ್ಲ ಅಂತ ಸದ್ಯಕ್ಕೆ ಅಮ್ಮನ ಹೆಸರು ಹಾಕಿ, ಆಮೇಲೆ ಬದಲಾಯಿಸ್ತೀನಿ ಅಂದಿದ್ರು. ಅತ್ತೆ ಒಳ್ಳೆಯವರು. ಆದ್ರೆ ಆ ಮನೇಲಿ ಅತ್ತೆ ಒಬ್ರೇ ಇಲ್ಲವಲ್ಲ. ಎಷ್ಟು ನನ್ನ ಕೈಗೆ ಬಂತು ಅಂತ ಇಲ್ಲಿ ಬರೆಯಲ್ಲ.

ಉಡುಪಿ_ಲ್ಯಾಬ್
ಅಕ್ಕಾ.

ಹಳೇ_ಏಜೆಂಟ್_ಮೈಸೂರು
ತಾಯಿ, ನಿಮ್ಮ ಯಜಮಾನರು ಮಾತ್ರೆ ಹೆಸರು ಬರೆದಿದ್ದು ದೊಡ್ಡ ಕೆಲಸ. ಪೀಣ್ಯದವರೇ, ಇದಕ್ಕೆ ಕಾನೂನಲ್ಲಿ ಒಂದು ದಾರಿ ಇದೆ. ಅಪ್ಪ ಅಮ್ಮ, ಗಂಡ ಹೆಂಡ್ತಿ, ಮಕ್ಕಳು ಇವರಲ್ಲಿ ಯಾರನ್ನ ನಾಮಿನಿ ಮಾಡಿದ್ರೂ ದುಡ್ಡಿನ ಹಕ್ಕು ಅವರಿಗೇ ಅಂತ ಇನ್ಶೂರೆನ್ಸ್ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತೆ, ಹಾಗಾಗಿ ಹೆಸರು ಹಾಕುವಾಗಲೇ ಯೋಚನೆ ಮಾಡಿ. ಅದಕ್ಕಿಂತ ಗಟ್ಟಿ ಅಂದ್ರೆ ಎಂಡಬ್ಲ್ಯೂಪಿ (ಮ್ಯಾರೀಡ್ ವಿಮೆನ್ಸ್ ಪ್ರಾಪರ್ಟಿ, ವಿವಾಹಿತ ಮಹಿಳೆಯರ ಆಸ್ತಿ) ಕಾಯ್ದೆ, 1874ರದ್ದು, ಬ್ರಿಟಿಷರ ಕಾಲದ್ದು. ಮದುವೆ ಆದ ಗಂಡಸು ಪಾಲಿಸಿ ತಗೊಳ್ಳುವಾಗ ಈ ಕಾಯ್ದೆ ಪ್ರಕಾರ ಅಂತ ಬರೆಸಿದ್ರೆ ಅದು ಹೆಂಡ್ತಿ ಮಕ್ಕಳ ಹೆಸರಿನ ಟ್ರಸ್ಟ್ ಆಗುತ್ತೆ, ಸಾಲ ಕೊಟ್ಟವರೂ ಅಣ್ಣತಮ್ಮಂದಿರೂ ಕೈ ಹಾಕೋ ಹಾಗಿಲ್ಲ. ತಗೊಳ್ಳುವಾಗಲೇ ಮಾಡ್ಬೇಕು, ಪಾಲಿಸಿ ಬಂದ್ಮೇಲೆ ಸೇರಿಸೋಕೆ ಆಗಲ್ಲ. ಒಂದ್ಸಲ ಬರೆದ್ರೆ ಫಲಾನುಭವಿ ಹೆಸರು ಬದಲಾಯಿಸೋಕೂ ಆಗಲ್ಲ, ಅದೂ ತಲೇಲಿರ್ಲಿ. ಆನ್‌ಲೈನ್ ಫಾರ್ಮಲ್ಲಿ ಒಂದು ಸಣ್ಣ ಚೌಕ ಇರುತ್ತೆ, ಅದನ್ನ ಯಾರೂ ನೋಡೋದೇ ಇಲ್ಲ.

ಕ್ಲೇಮ್ ತಿರಸ್ಕಾರ ಆದವರಿಗೂ ಹೇಳ್ಬಿಡ್ತೀನಿ, ಕೋರ್ಟಿಗೆ ಓಡೋಕೆ ಮುಂಚೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಕಂಪನಿ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಇದಾರೆ, ಬೆಂಗಳೂರಲ್ಲಿ ಜೆ.ಪಿ. ನಗರದ ಜೀವನ್ ಸೌಧದಲ್ಲಿ ಆಫೀಸು. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗೆ ಕೊಡಿಸೋ ಅಧಿಕಾರ ಇದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ಕಂಪನಿ ಇಲ್ಲ ಅಂದ ಮೇಲೆ ಒಂದು ವರ್ಷದೊಳಗೆ ಹೋಗ್ಬೇಕು.

ಬ್ಯಾಡಗಿ_ಖಾರ
ಅಕ್ಕಾರ, ನಿಮ್ಮದ ಓದಿ ಈಗ ಮನಿಯಾಕೀನ ಕರದು ಕುಂದ್ರಿಸಿ, ಒಂದು ನೋಟ್‌ಬುಕ್ಕಿನಾಗ ಪಾಲಿಸಿ ನಂಬರ, ಕಂಪನಿ, ಫೋನ್ ಪಿನ್ ಎಲ್ಲಾ ಬರಸೀನಿ. ನೋಟ್‌ಬುಕ್ಕ ಗ್ಯಾಸಿನ ಬುಕ್ಕಿನ ಜೋಡಿ ಇಟ್ಟಾಳ. ಇಷ್ಟು ವರ್ಷ ಪಿನ್ ಯಾಕ ಮುಚ್ಚಿಟ್ಟಿದ್ರಿ ಅಂತ ಅದೊಂದು ಬ್ಯಾರೆ ಪಂಚಾಯ್ತಿ ನಡದೈತಿ.

ಪೀಣ್ಯ_ಸೆಕೆಂಡ್_ಶಿಫ್ಟ್
ಒಂದು ವಾರ ಆಯ್ತು, ಎಲ್ರದ್ದೂ ಎರಡೆರಡು ಸಲ ಓದ್ದೆ. ಏನಾಯ್ತು ಅಂತ ಹೇಳ್ತೀನಿ.

ನಿಜ ಹೇಳ್ಬೇಕಂದ್ರೆ ಸಿಗರೇಟ್ ವಿಷಯ ಮನೇಲಿ ಗೊತ್ತಿರ್ಲಿಲ್ಲ. ಅಪ್ಪಂಗೆ ಸ್ಟೆಂಟ್ ಹಾಕಿದಾಗ ಬಿಟ್ಟೆ ಅಂತ ಹೆಂಡ್ತಿ ತಲೆ ಮುಟ್ಟಿ ಹೇಳಿದ್ದೆ. ಅದಕ್ಕೇ ಇಲ್ಲ ಅಂತ ಒತ್ತಿದ್ದು, ಪ್ರೀಮಿಯಂ ಉಳಿಸೋಕೆ ಮಾತ್ರ ಅಲ್ಲ. ಮೊನ್ನೆ ಹೊಸದಾಗಿ ಅಪ್ಲೈ ಮಾಡಿ ಹೌದು ಅಂತ ಹಾಕಿದೆ, ಅಪ್ಪನ ಸ್ಟೆಂಟೂ ಬರೆದೆ. 14,000 ಇದ್ದಿದ್ದು 23,400 ಆಯ್ತು 1 ಕೋಟಿಗೆ. 1.5 ಕೋಟಿ ಕೈಗೆಟುಕಲ್ಲ ಮೇಷ್ಟ್ರೇ, ಸದ್ಯಕ್ಕೆ 1 ಕೋಟಿ, 60 ವರ್ಷದವರೆಗೆ. ನಿನ್ನೆ ಸಂಜೆ ವಿಡಿಯೋ ಮೆಡಿಕಲ್ ಕಾಲ್ ಬಂತು, ನಾನು ಹಾಲಲ್ಲಿ ಕೂತಿದ್ದೆ, ಹೆಂಡ್ತಿ ಅಲ್ಲೇ ಮಿಷನ್ ತುಳೀತಿದ್ಲು. ಎತ್ತರ ತೂಕ ಎಲ್ಲಾ ಕೇಳಿದ ಮೇಲೆ ಆ ಮೇಡಂ, ಸರ್ ನೀವು ತಂಬಾಕು ಯಾವುದಾದ್ರೂ ರೂಪದಲ್ಲಿ ಬಳಸ್ತೀರಾ ಅಂದ್ರು, ಸ್ಪೀಕರಲ್ಲಿ. ಹೌದು ಮೇಡಂ, ವಾರಕ್ಕೆ ಮೂರು ಅಂದೆ. ಮಿಷನ್ ನಿಂತೋಯ್ತು. ಎಷ್ಟು ವರ್ಷದಿಂದ ಸರ್? ಹನ್ನೊಂದು ವರ್ಷ ಅಂದೆ. ಮಿಷನ್ ಮತ್ತೆ ಶುರು ಆಗ್ಲೇ ಇಲ್ಲ, ರಾತ್ರಿ ಊಟಕ್ಕೆ ಬಡಿಸಿದ್ಲು, ಮಾತಿಲ್ಲ.

ಬೆಳಿಗ್ಗೆ ಕೇಳಿದ್ಳು, ಬಿಟ್ರೆ ರೇಟ್ ಕಮ್ಮಿ ಮಾಡ್ತಾರಾ ಅಂತ.

ಉಡುಪಿ_ಲ್ಯಾಬ್
ಈ ಪಾಲಿಸಿಯಲ್ಲಿ ಕಡಿಮೆ ಆಗ್ತದೆ ಅಂತ ನಂಬಬೇಡಿ. ನಿಜವಾಗಿ ಬಿಟ್ಟು ಒಂದೆರಡು ವರ್ಷ ಆದ ಮೇಲೆ ಹೊಸ ಪಾಲಿಸಿಗೆ ಅಪ್ಲೈ ಮಾಡಿ ನೋಡಿ, ಆಗ ಕೇಳುವುದು ಕಳೆದ ಇಷ್ಟು ತಿಂಗಳಲ್ಲಿ ಬಳಸಿದ್ದೀರಾ ಅಂತ, ಕಂಪನಿ ಕಂಪನಿಗೆ ಬೇರೆ. ಹೊಸದು ಕೈಗೆ ಬರುವವರೆಗೆ ಹಳತು ನಿಲ್ಲಿಸಬೇಡಿ. ಮತ್ತೆ ಬ್ಲಡ್ ತೆಗೆಯಲಿಕ್ಕೆ ಬರುವ ದಿನ ಖಾಲಿ ಹೊಟ್ಟೆ ಅಂದ್ರೆ ಖಾಲಿ ಹೊಟ್ಟೆ, ಅರ್ಧ ಲೋಟ ಟೀ ಅಂತ ಇಲ್ಲ.

ಲೆಕ್ಕದ_ಮೇಷ್ಟ್ರು
ಒಳ್ಳೇದಾಯ್ತು, 1 ಕೋಟಿಯಿಂದ ಶುರು ಮಾಡಿ, ಲೋನ್ ಇಳಿದ ಹಾಗೆ ಅದೇ 1 ಕೋಟಿ ದೊಡ್ಡದಾಗುತ್ತೆ. ಆ ಎಂಡೋಮೆಂಟ್ ಏನ್ಮಾಡ್ತೀರಿ? ಭಾರ ಆದ್ರೆ ಪೇಯ್ಡ್ ಅಪ್ ಮಾಡಬಹುದು, ಮುಂದೆ ಕಟ್ಟೋದು ಬೇಡ, 5 ಲಕ್ಷದಲ್ಲಿ 21ಕ್ಕೆ 9ರ ಪಾಲು, ಅಂದ್ರೆ 2.14 ಲಕ್ಷ ಪ್ಲಸ್ ಇದುವರೆಗೆ ಸೇರಿದ ಬೋನಸ್ ಕೊನೇಲಿ ಬರುತ್ತೆ.

ಪೀಣ್ಯ_ಸೆಕೆಂಡ್_ಶಿಫ್ಟ್
ಅದನ್ನ ಮುಟ್ಟಿದ್ರೆ ಮಾವ ಮಗಳ ಕಿವಿ ಚುಚ್ಚೋಕೂ ಬರಲ್ಲ ಮೇಷ್ಟ್ರೇ. ಇರ್ಲಿ ಬಿಡಿ ಈ ವರ್ಷ.

ಹಳೇ_ಏಜೆಂಟ್_ಮೈಸೂರು
ಪಾಲಿಸಿ ಬಂದ ತಕ್ಷಣ ಒಳಗೆ ನಿಮ್ಮ ಫಾರ್ಮಿನ ಕಾಪಿ ಇರುತ್ತೆ, ಒಂದೊಂದು ಉತ್ತರಾನೂ ಓದಿ. ತಪ್ಪಿದ್ರೆ ಆಗ್ಲೇ ಬರೆದು ತಿಳಿಸಿ. 30 ದಿನ ಫ್ರೀ ಲುಕ್ ಇದೆ, ಬೇಡ ಅನ್ನಿಸಿದ್ರೆ ವಾಪಸ್ ಕೊಡಬಹುದು, ಮೆಡಿಕಲ್ ಖರ್ಚು ಅದೂ ಇದೂ ಹಿಡ್ಕೊಂಡು ಉಳಿದಿದ್ದು ಕೊಡ್ತಾರೆ.

ಸುಮ್ನೆ_ಓದೋಳು
ಎಂಡಬ್ಲ್ಯೂಪಿ ಹಾಕಿದ್ರಾ? ನಿಮ್ಮ ಮನೆಯವರ ಹೆಸರು ಆಧಾರ್‌ನಲ್ಲಿ ಇರೋ ಹಾಗೇ ಬರೆದಿದೀರಾ, ಇನಿಶಿಯಲ್ ಸಮೇತ?

ಪೀಣ್ಯ_ಸೆಕೆಂಡ್_ಶಿಫ್ಟ್
ಚೌಕ ಒತ್ತಿದೀನಿ ಅಕ್ಕ, ಹೆಂಡ್ತಿ ಮಗಳು ಇಬ್ಬರದ್ದೂ ಹಾಕಿದೀನಿ. ಹೆಸರು, ತಡೀರಿ ಆಧಾರ್ ತೆಗೆದು ನೋಡ್ತೀನಿ.

ಪೀಣ್ಯ_ಸೆಕೆಂಡ್_ಶಿಫ್ಟ್
ಆಧಾರ್‌ನಲ್ಲಿ ಅವರಪ್ಪನ ಇನಿಶಿಯಲ್ ಇದೆ, ನಾನು ನನ್ನ ಹೆಸರು ಸೇರಿಸಿ ಬರೆದಿದೀನಿ. ಕಸ್ಟಮರ್ ಕೇರಿಗೆ ಕಾಲ್ ಹಾಕಿದೀನಿ ಅಕ್ಕ, 20 ನಿಮಿಷದಿಂದ ಅದೇ ಮ್ಯೂಸಿಕ್ ಬರ್ತಿದೆ. ಹೆಂಡ್ತಿ ಪಕ್ಕದಲ್ಲೇ ಆಧಾರ್ ಹಿಡ್ಕೊಂಡು ಕೂತಿದಾಳೆ.